ಬೀಗರ ಎದುರು ಮರಗಟ್ಟಿದ ಕಾಲು

ಫರಹತ: ಭುಜಕ್ಕೂ ಗೊತ್ತಾಗ್ಲತ್ತಿಲ್ಲಾ?

ಸಖುಬಾಯಿ: ಇಲ್ರಿ.

ಫರಹತ: ಅಮ್ಮಾ, ನಾ ಸೂಜಿ ಹಾಕಿದ್ದು ನಡಾಕ. ಮರಗಟ್ಟಿ ಸುನ್ನ ಆಗೋದು ನಡಾದಿಂದ ಕೆಳಗ. ಭುಜ ಹ್ಯಾಂಗ ಸುನ್ನ ಆಗ್ತದ?

ಸಖುಬಾಯಿ: ನೀವ ಹಾಕಿದ ಮದ್ದು ಭಾಳ ಛಲೋ ಇರಬೇಕ್ರಿ. ಮ್ಯಾಲ ಏರ್ಯದ.

ಫರಹತ: ಅಷ್ಟ ಮ್ಯಾಲ ಏರಿದ್ರ ನಿಮಗ ಉಸರಾಡ್ಲಕ್ಕೂ ಬರ್ತಿದ್ದಿಲ್ಲ. ಮಾತಂತೂ ದೂರೇ ಉಳೀತು.

ಸಖುಬಾಯಿ: ಮಾತಿಗೇನ್ರಿ ಡಾಕ್ಟರಬಾಯಿ, ನನಗ ಮಾತ ಯಾವತ್ತೂ ಕಡಿಮಿ ಬಿದ್ದಿಲ್ಲ.

ಇದು ಬೀದರ್ ಪೇಟೆಯಿಂದ ನೌಬಾದದ ಕಡೆ ಹೋಗುವ ರಸ್ತೆಯಲ್ಲಿನ ಒಂದು ಆಸ್ಪತ್ರೆ. ಆಪರೇಷನ್ ಕೋಣೆಯ ಮೇಜಿನ ಮೇಲೆ ಮಲಗಿದ್ದ ಸಖುಬಾಯಿ ಔರಾದ ತಾಲ್ಲೂಕಿನವಳು. ಅರವತ್ತಕ್ಕೆ ಎರಡು ಕಡಿಮೆ ವಯಸ್ಸು, ನೂರಿಪ್ಪತ್ತು ಕುರಿಗಳ ಒಡತಿ. ಓಡಿಹೋದ ಟಗರೊಂದರ ಬೆನ್ನು ಹತ್ತಿ ಕಲ್ಲಿನ ಗೋಡೆ ಜಿಗಿದಿದ್ದಳು. ಟಗರು ಆ ಕಡೆ ಸರಿಯಾಗಿ ಇಳಿಯಿತು, ಇವಳ ಎಡಗಾಲು ಇಳಿಯಲಿಲ್ಲ. ಮುರಿದ ಕಾಲಿನಲ್ಲೇ ಎರಡು ದಿನ ಓಡಾಡಿ, ಮೂರನೆಯ ದಿನ ಪಾದ ಸೋರೆಕಾಯಿಯಂತೆ ಊದಿಕೊಂಡ ಮೇಲೆ, "ಒಂದೀಟ ಉಳಕ್ಯದ" ಎಂದು ಮನೆಯವರಿಗೆ ತಿಳಿಸಿದ್ದಳು.

ಡಾಕ್ಟರ್ ಫರಹತ ಕತ್ತಿ ಹಿಡಿಯುವವಳಲ್ಲ. ಕತ್ತಿ ಹಿಡಿಯುವವರಿಗಿಂತ ಮೊದಲು ಬಂದು ಮೈ ಮರಗಟ್ಟಿಸುವವಳು. ಹದಿನಾಲ್ಕು ವರ್ಷದಿಂದ ಅವಳ ಅರ್ಧ ಆಯುಸ್ಸು "ಗೊತ್ತಾಗ್ತದೇನ್ರಿ? ಇಲ್ಲಿ? ಇಲ್ಲಿ?" ಎಂದು ಕೇಳುವುದರಲ್ಲೇ ಕಳೆದಿತ್ತು. ಹೋದ ವರ್ಷ ಭಾಲ್ಕಿಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು, ಸರ್ಜನ್ನರು ತಮ್ಮ ಹಳೆಯ ಶಿಷ್ಯನೆಂಬ ಒಂದೇ ಕಾರಣಕ್ಕೆ, "ಏನೂ ಗೊತ್ತಾಗ್ತಿಲ್ಲ, ನಡೀಲಿ" ಎಂದು ದೊಡ್ಡ ಮನಸ್ಸು ಮಾಡಿ ಹೇಳಿದ್ದರು. ಕತ್ತಿ ತಾಗಿದ ಕೂಡಲೇ ಎದ್ದು ಕೂತು ಸಾಮಾನಿನ ತಟ್ಟೆಯನ್ನು ಕಿಟಕಿಯವರೆಗೆ ಒದ್ದಿದ್ದರು. ಅಂದಿನಿಂದ ಫರಹತಳಿಗೆ ಮನುಷ್ಯರ ಬಾಯಿಯ ಮೇಲಿನ ನಂಬಿಕೆ ಹೋಗಿತ್ತು.

ಹಾಗಾಗಿ ಈ ಡಬ್ಬಿ. ಹೈದರಾಬಾದಿನಿಂದ ಹದಿನೈದು ದಿನದ ಮಟ್ಟಿಗೆ ನೋಡಿ ಹೇಳಿ ಎಂದು ಕಳಿಸಿದ್ದು. ರೋಗಿಯ ಅಂಗೈಗೆ ಎರಡು ಬಿಲ್ಲೆ ಅಂಟಿಸಬೇಕು. ಪೆನ್ನಿನಂಥ ಕಡ್ಡಿಯನ್ನು ಮೈಯ ಯಾವ ಜಾಗಕ್ಕೆ ಮುಟ್ಟಿಸಿದರೂ ಅದು ಒಂದೇ ಅಳತೆಯಲ್ಲಿ ಚುರುಕ್ಕೆನ್ನಿಸುತ್ತದೆ. ಆ ಚುರುಕು ಒಳಗೆ ತಲುಪಿದರೆ ಅಂಗೈ ಕಣ್ಣಿಗೆ ಕಾಣದಷ್ಟು ಬೆವರುತ್ತದೆ, ಬೆವರಿದಷ್ಟು ಡಬ್ಬಿಯ ಮೇಲೆ ಸಂಖ್ಯೆ ಏರುತ್ತದೆ. ಇಪ್ಪತ್ತರೊಳಗೆ ಇದ್ದರೆ ಆ ಜಾಗ ಮಲಗಿದೆ, ಮೇಲಿದ್ದರೆ ಎಚ್ಚರವಾಗಿದೆ. ರೋಗಿಯನ್ನು ಏನೂ ಕೇಳುವ ಹಂಗೇ ಇಲ್ಲ.

ಸಖುಬಾಯಿಯ ಭುಜಕ್ಕೆ ಕಡ್ಡಿ ಮುಟ್ಟಿಸಿದಾಗ ಡಬ್ಬಿ ಎಂಬತ್ತನಾಲ್ಕು ತೋರಿಸಿತ್ತು.

ಫರಹತ: ಡಬ್ಬಿ ಎಂಬತ್ತನಾಕ ಅಂತದ. ನೀವ ಇಲ್ಲ ಅಂತೀರಿ. ಇಬ್ಬರಾಗ ಯಾರದು ಸುಳ್ಳು?

ಸಖುಬಾಯಿ: ನನಗ ಐವತ್ತೆಂಟ ವರ್ಷ ಆಯ್ತು. ಆ ಡಬ್ಬಿಗಿ ಎಷ್ಟು?

ಫರಹತ: ಆರ ತಿಂಗಳ.

ಸಖುಬಾಯಿ: ಮತ್ತ?

ಕಾಲಿನ ಕಡೆ ನಿಂತಿದ್ದ ಟೆಕ್ನಿಷಿಯನ್ ಸಂಜುಕುಮಾರ ಮುಸುಕಿನೊಳಗೆ ಕಿಸಕ್ಕನೆ ನಕ್ಕ. ಆ ನಗು ಕೇಳಿದ ಕೂಡಲೇ ಸಖುಬಾಯಿ ಮೈಮೇಲಿನ ಹಸಿರು ಬಟ್ಟೆಯನ್ನು ಎಳೆದು ತಲೆಯ ಮೇಲೆ ಸೆರಗಿನಂತೆ ಹೊದ್ದುಕೊಂಡಳು. ಇದು ನಾಲ್ಕನೆಯ ಸಲ. ಪ್ರತಿ ಸಲ ಆ ಬಟ್ಟೆಯ ಜೊತೆಗೆ ಎರಡು ತಂತಿ ಕಿತ್ತು ಬರುತ್ತಿದ್ದವು.

ಫರಹತ: ಅರೇ ಅಮ್ಮಾ! ಯಾಕ ಎಳೀತೀರಿ ಮತ್ತ ಮತ್ತ?

ಸಖುಬಾಯಿ: ಬೀಗರ ಮುಂದ ಬೋಳ ತಲಿಲೆ ಮಲಗಲೇನ್ರಿ?

ಫರಹತ: ಯಾವ ಬೀಗರು?

ಸಂಜುಕುಮಾರ: ನಾನೇ ರೀ ಮೇಡಂ. ನಮ್ಮ ಅಣ್ಣನ ಮಗಳು ಸಿದ್ದೇಶ್ವರಿಗಿ ಇವರ ಮಗ ದತ್ತಾತ್ರಿಗಿ ಕೇಳ್ಯಾರ್ರಿ. ಬರೋ ವಾರ ನಿಶ್ಚಯ ಅದ. ಬೀದರದಾಗ ಛಲೋ ಡಾಕ್ಟರ ಅದಾರ ಅಂತ ನಾನೇ ಇಲ್ಲಿಗಿ ಕರಕೊಂಡ ಬಂದೀನಿ.

ಸಖುಬಾಯಿ: ಇನ್ನಾ ಎಲಿ-ಅಡಕಿ ಆಗಿಲ್ಲ. ನಾ ಹೂಂ ಅಂದಿಲ್ಲ.

ಸಂಜುಕುಮಾರ: ಹೂಂ ಅಂದಿಲ್ಲ ಮೇಡಂ, ಹೌದು. ಹುಡುಗಿ ನೋಡ್ಲಕ್ಕ ಬಂದಾಗ ಏನಾಯ್ತಂದ್ರ, ನಮ್ಮ ಸಿದ್ದಿ ಚಹಾ ತರೂಮುಂದ ಬಿಸಿ ಚಹಾ ಕೈಮ್ಯಾಲ ಚೆಲ್ಲಿತ್ರಿ. ಹುಡುಗಿ "ಯವ್ವಾ" ಅಂತ ಕಣ್ಣೀರ ಹಾಕಿತು. ಇವರು ಹತ್ತ ಮಂದಿ ಎದುರಿಗಿ ಏನಂದ್ರು ಗೊತ್ತದೇನ್ರಿ?

ಸಖುಬಾಯಿ: ತಪ್ಪೇನ ಅಂದೀನಿ? ಚಹಾ ಬಿದ್ರ ಅಳೋ ಹುಡುಗಿ ನಮ್ಮ ಮನ್ಯಾಗ ಹ್ಯಾಂಗ ಬಾಳ್ತದ ಅಂದೆ. ನಾ ನಾಕ ಹಡದೀನಿ, ಒಂದಕ್ಕೂ ಬಾಯಿ ತಗದಿಲ್ಲ. ನಮ್ಮ ಮನ್ಯಾಗ ಬ್ಯಾನಿಗಿ ಅಳೋ ಪದ್ಧತಿ ಇಲ್ಲ ಅಂದೆ.

ಸಂಜುಕುಮಾರ: ನೋಡ್ರಿ ಮತ್ತ. ಹಿಂತಾ ಬೀಗತ್ಯಾರ ಕಾಲು ಇವತ್ತ ನನ್ನ ಕೈಯಾಗ ಬಂದದ.

ಫರಹತಳಿಗೆ ಈಗ ಎಲ್ಲ ತಿಳಿಯಿತು. ತಿಳಿದ ಮೇಲೆ ಚಿಂತೆ ಇನ್ನಷ್ಟು ಹೆಚ್ಚಿತು. ಹತ್ತು ಮಂದಿಯ ಎದುರು ಆಡಿದ ಮಾತನ್ನು ಉಳಿಸಿಕೊಳ್ಳಲು ಈ ಹೆಂಗಸು ಎಚ್ಚರವಿದ್ದ ಕಾಲನ್ನೂ ಕೊಯ್ಸಿಕೊಳ್ಳುವವಳೇ. ಕೊಯ್ಯುವಾಗ ಒಂದು ಸಲ ಝಾಡಿಸಿದರೆ ಸಾಕು, ಮೂಳೆಗೆ ಹಾಕುವ ತಿರುಪು ಎಲ್ಲಿಗೋ ಹೋಗುತ್ತದೆ. ಪೂರ್ತಿ ಮಲಗಿಸೋಣವೆಂದರೆ ಅವಳಿಗೆ ಹಳೆಯ ದಮ್ಮಿನ ಕಾಯಿಲೆ, ಎದೆಯ ತುಂಬ ಸಿಳ್ಳೆ. ಸೊಂಟಕ್ಕೆ ಹಾಕಿದ ಮದ್ದು ಒಂದೇ ದಾರಿ, ಅದೂ ಕಾಲು ಗಂಟೆಯೊಳಗೆ ತನ್ನ ಜಾಗ ಹಿಡಿದುಬಿಡುತ್ತದೆ. ಹೆಚ್ಚುಕಡಿಮೆ ಸರಿಪಡಿಸುವುದಿದ್ದರೆ ಅಷ್ಟರೊಳಗೇ ಆಗಬೇಕು. ಗೋಡೆಯ ಗಡಿಯಾರದಲ್ಲಿ ಏಳು ನಿಮಿಷ ಆಗಲೇ ಮುಗಿದಿತ್ತು.

ಬಾಗಿಲನ್ನು ಮೊಣಕೈಯಿಂದ ನೂಕಿ ಸರ್ಜನ್ ರಶೀದ ಅಹ್ಮದರು ತಲೆ ಒಳಗೆ ಹಾಕಿದರು. ತೊಳೆದ ಕೈಗಳಿಂದ ನೀರು ಸೋರುತ್ತಿತ್ತು.

ರಶೀದ ಅಹ್ಮದ: ಫರಹತ ಮೇಡಂ, ಕೈ ತೊಳದು ತೊಳದು ತೊಗಲ ಹೋಗ್ಲತ್ತದ. ಹಚ್ಚಲೇನ್ರಿ ಕತ್ತಿ?

ಸಖುಬಾಯಿ: ಹಚ್ರಿ ಹಚ್ರಿ. ನಂದೇನೂ ಇಲ್ಲ.

ಫರಹತ: ಅಲ್ಲಾ ಕೆ ವಾಸ್ತೆ, ಐದ ಮಿನಿಟ ನಿಲ್ರಿ ಸರ್!

ರಶೀದ ಅಹ್ಮದ: ಪೇಶಂಟೇ ಹಚ್ಚು ಅಂತಾಳ, ನೀವ ನಿಲ್ಲು ಅಂತೀರಿ. ಹಿಂತಾದ್ದು ನಾ ಎಲ್ಲೂ ನೋಡಿಲ್ಲ.

ತಲೆ ಹೊರಗೆ ಹೋಯಿತು. ಫರಹತ ಕಡ್ಡಿ ತೆಗೆದುಕೊಂಡು ಮೊದಲು ಬಲಪಾದಕ್ಕೆ ಮುಟ್ಟಿಸಿದಳು.

ಸಖುಬಾಯಿ: ಇಲ್ರಿ.

ಡಬ್ಬಿ ಆರು. ಫರಹತ ಉಸಿರು ಬಿಟ್ಟಳು. ಬಾಯಿಯೂ ಡಬ್ಬಿಯೂ ಮೊದಲ ಸಲ ಒಂದಾಗಿದ್ದವು. ಆಮೇಲೆ ಮುರಿದ ಎಡಗಾಲಿಗೆ ಮುಟ್ಟಿಸಿದಳು.

ಸಖುಬಾಯಿ: ಇಲ್ರೀ.

ಡಬ್ಬಿ ಎಪ್ಪತ್ತೆಂಟು.

ಫರಹತ: ಸಂಜು, ಇದೇನಿದು? ಒಂದ ಕಾಲ ಮಲಗ್ಯದ, ಒಂದ ಕಾಲ ಎದ್ದು ಕುಂತದ?

ಸಂಜುಕುಮಾರ: ಕಾಲಿನ ಬ್ಯಾನಿ ಅಲ್ಲೇನೋ ರೀ ಮೇಡಂ. ಚಿಂತಿ ಇರಬೇಕು. ಹುಮನಾಬಾದ ಕಡಿಂದ ನಮ್ಮ ಸಿದ್ದಿಗಿ ಇನ್ನೊಂದ ಮನಿ ಬಂದದ್ರಿ. ಹುಡುಗ ಪೋಸ್ಟಿನಾಗ ಅದಾನ. ಇವರು ಹೂಂ ಅನ್ನಲಿಲ್ಲಂದ್ರ...

ಡಬ್ಬಿ ಕುಂಯ್ ಎಂದಿತು. ತೊಂಬತ್ತಮೂರು.

ಫರಹತ ಕೈಯಲ್ಲಿನ ಕಡ್ಡಿ ನೋಡಿದಳು. ಅದು ಗಾಳಿಯಲ್ಲಿತ್ತು, ಸಖುಬಾಯಿಯ ಮೈಗೆ ಒಂದು ಮೊಳ ದೂರ.

ಫರಹತ: ತೌಬಾ. ಡಬ್ಬಿ ಕೆಟ್ಟದ.

ಸಂಜುಕುಮಾರನಿಗೆ ಮಾತ್ರ ಡಬ್ಬಿ ಇದುವರೆಗೆ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಕಂಡಿರಲಿಲ್ಲ. ಎರಡು ವಾರದಿಂದ ಗಂಡಿನ ಕಡೆಯವರ ಮನಸ್ಸು ಏನೆಂದು ತಿಳಿಯದೆ ಭಾಲ್ಕಿಯ ಅವನ ಅಣ್ಣನ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಆ ಮನಸ್ಸು ಇಲ್ಲಿ ಕೆಂಪು ಅಂಕಿಯಲ್ಲಿ ಮಿಣಮಿಣ ಎನ್ನುತ್ತಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದ.

ಸಂಜುಕುಮಾರ: ಬೀಗತ್ಯಾರ, ಹುಮನಾಬಾದದವರಿಗಿ ಏನ ಹೇಳೂಣ್ರಿ?

ಸಖುಬಾಯಿ: ಅವರಿಗೇ ಕೊಡ್ರಲ್ಲ. ನಮಗೇನು? ನಮ್ಮ ದತ್ತಾತ್ರಿಗಿ ಹುಡುಗ್ಯಾರಿಗೇನ ಬರಾ ಇಲ್ಲ.

ಸಂಜುಕುಮಾರ: ತೊಂಬತ್ತೇಳು! ಮದವಿ ಔರಾದದಾಗೇ ಆಗಬೇಕಂದಿದ್ರಿ. ನಾವು ಭಾಲ್ಕ್ಯಾಗ ಮಾಡ್ತೇವಿ ಅಂದ್ರ?

ಸಖುಬಾಯಿ: ಸಾಧ್ಯೇ ಇಲ್ಲ. ನಾ ಕಾಲ ಇಡಲ್ಲ.

ಸಂಜುಕುಮಾರ: ಹದಿನೇಳು. ಭಾಲ್ಕ್ಯಾಗ ಆದ್ರ ನಡೀತದ. ಹುಡುಗಿ ಸಾಲಿ ಟೀಚರಕಿ ಬಿಡಬೇಕಂದಿದ್ರಿ?

ಸಖುಬಾಯಿ: ಬಿಡ್ಲೇಬೇಕು. ಕುರಿ ಯಾರ ನೋಡ್ತಾರ?

ಸಂಜುಕುಮಾರ: ಹನ್ನೆರಡು! ಮೇಡಂ, ಬಿಡೋದ ಬ್ಯಾಡಂತ್ರಿ!

ಸಖುಬಾಯಿ: ಡಾಕ್ಟರಬಾಯಿ, ನಾ ಕಾಲ ತೋರಸ್ಲಕ್ಕ ಬಂದೀನಿ. ಇಂವ ನನ್ನ ಹೊಟ್ಟಿ ಒಳಗಿಂದು ಓದ್ಲತ್ತಾನ. ಇದ್ಯಾವ ನ್ಯಾಯ?

ಸಂಜುಕುಮಾರ: ಹೊಟ್ಟ್ಯಾಗ ಒಂದು, ಬಾಯಾಗ ಒಂದು ಇಟ್ಕೊಂಡವರು ಯಾರ್ರಿ?

ಸಖುಬಾಯಿ: ಗಂಡಿನ ಕಡೀಯವರು ಮೊದಲೇ ಹೂಂ ಅಂದ್ರ ಊರಾಗ ಇಜ್ಜತ ಉಳೀತದೇನು? ಹದಿನೈದ ದಿನ ಬಿಗೀಬೇಕು. ನಮ್ಮತ್ತಿನೂ ಬಿಗದಿದ್ದಳು.

ಫರಹತ: ಸಂಜುಕುಮಾರ! ಹೊರಗ ನಡೀರಿ!

ಸಂಜುಕುಮಾರ: ಒಂದೇ ಒಂದ ಪ್ರಶ್ನಿ ಮೇಡಂ, ಬ್ಯಾಂಡಿಂದು...

ಫರಹತ: ಹೊರಗ! ಸಿಸ್ಟರಗ ಕಳಸ್ರಿ ಒಳಗ. ಇದು ಆಪರೇಷನ್ ಖೋಲಿನೋ, ನಿಮ್ಮ ಹಿರೇರ ಕಟ್ಟಿನೋ?

ಸಂಜುಕುಮಾರ ಹೋದ. ಹೋಗುವಾಗಲೂ ಅವನ ಕಣ್ಣು ಡಬ್ಬಿಯ ಮೇಲೇ ಇತ್ತು. ಅವನ ಬದಲಿಗೆ ಸಿಸ್ಟರು ಒಳಗೆ ಬಂದರು.

ಫರಹತ ಸ್ಟೂಲು ಎಳೆದುಕೊಂಡು ಕೂತಳು. ಬಾಯಿಯನ್ನು ನಂಬಬಾರದೆಂದು ಡಬ್ಬಿ ತರಿಸಿದ್ದಳು. ಈಗ ಡಬ್ಬಿಯ ಎಪ್ಪತ್ತೆಂಟು ಕಾಲಿನದೋ ಹುಮನಾಬಾದಿನದೋ ಎಂದು ತಿಳಿಯಲು ಮತ್ತೆ ಬಾಯಿಯನ್ನೇ ಕೇಳಬೇಕಾಗಿತ್ತು. ಹದಿನೈದು ದಿನದ ಮೇಲೆ ಹೈದರಾಬಾದಿನವರಿಗೆ ಏನು ಬರೆಯುವುದೋ ಅವಳಿಗೆ ತೋಚಲಿಲ್ಲ. ಗಡಿಯಾರದಲ್ಲಿ ಒಂಬತ್ತು ನಿಮಿಷ ಮುಗಿದಿತ್ತು.

ಫರಹತ: ಅಮ್ಮಾ, ಅಂವ ಹೋದ. ಈಗರೇ ಹೇಳ್ರಿ.

ಸಖುಬಾಯಿ: ಖರೇ ಹೋದನೇನ್ರಿ?

ಫರಹತ: ಹೋದ.

ಸಖುಬಾಯಿ: ಬಾಗಲಾ ಹಾಕ್ಯದೇನ್ರಿ?

ಫರಹತ: ಹಾಕ್ಯದ.

ಸಖುಬಾಯಿ: ಬಾಗಲಾದ ಹಿಂದ ನಿಂತಿಲ್ಲಲ್ಲ?

ಫರಹತ ಎದ್ದು ಹೋಗಿ ಬಾಗಿಲು ತೆರೆದು ನೋಡಿದಳು. ನಿಂತಿದ್ದ. ಕಣ್ಣು ಬಿಟ್ಟು ಗದರಿದಳು, ಓಡಿದ.

ಫರಹತ: ಈಗ ಹೋದ.

ಸಖುಬಾಯಿ: ಯವ್ವಾ ಸತ್ತೆನ್ರೀ! ಎಡಗಾಲಾಗ ಬೆಂಕಿ ಹಚ್ಚಿದಂಗ ಆಗ್ಲತ್ತದ! ಮೂರ ದಿನಾ ಆಯ್ತು, ಕಣ್ಣ ಮುಚ್ಚಿಲ್ಲ! ಆ ಕಡ್ಡಿ ಮುಟ್ಟಸಿದ್ರಲ್ಲ, ಇಂಗಳಿ ಕಡದಂಗ ಆಯ್ತು!

ಫರಹತ: ಚೇಳ ಕಡದ್ರೂ ಇಲ್ರಿ ಇಲ್ರಿ ಅಂತ ಮಲಗಿದ್ರಲ್ಲಾ! ರಶೀದ ಸರ್ ಕತ್ತಿ ಹಚ್ಚಿದ್ರ?

ಸಖುಬಾಯಿ: ಹಲ್ಲ ಕಚ್ತಿದ್ದೆ.

ಫರಹತ: ಒಂದೂವರಿ ತಾಸ?

ಸಖುಬಾಯಿ: ಎಲ್ಲಾ ಹಲ್ಲ ಗಟ್ಟಿ ಅವರಿ.

ನಗಬೇಕೋ ಬೈಯಬೇಕೋ ಫರಹತಳಿಗೆ ತಿಳಿಯಲಿಲ್ಲ. ಬೈಯಲು ಸಮಯವೂ ಇರಲಿಲ್ಲ.

ಫರಹತ: ಬಲಗಾಲ?

ಸಖುಬಾಯಿ: ಅದು ಸತ್ತದರಿ. ಯಾರದೋ ಕಾಲ ತಂದ ಹಚ್ಚಿದಂಗ ಅದ.

ಫರಹತ: ಮುರಿದಿದ್ದು ಎಡಗಾಲು, ಮಲಗಿದ್ದು ಬಲಗಾಲು. ಅಮ್ಮಾ, ಸೂಜಿ ಹಾಕಿದ ಮ್ಯಾಲ ಎಡಗಡಿಗಿ ಹೊಳ್ಳಿ ಮಲಗ್ರಿ ಅಂತ ನಾ ಹೇಳಿದ್ನೋ ಇಲ್ಲೋ? ಈ ಮದ್ದು ಭಾರ ಇರ್ತದ, ಯಾವ ಮಗ್ಗಲ ಕೆಳಗ ಇರ್ತದೋ ಅತ್ತಾಗ ಹರೀತದ. ನಾ ಆ ಕಡಿ ಮದ್ದಿನ ಹೆಸರು ಬರೀಲತ್ತಿದ್ದೆ. ನೀವ ಯಾವ ಕಡಿ ಹೊಳ್ಳಿದ್ರಿ?

ಸಖುಬಾಯಿ: ಬಲಗಡಿಗಿ.

ಫರಹತ: ಯಾಕ?

ಸಖುಬಾಯಿ: ಎಡಗಡಿಗಿ ಬೀಗರು ನಿಂತಿದ್ರಲ್ರಿ. ಮೊಣಕಾಲ ಬಿಟಗೊಂಡ ಅವರಿಗಿ ಮಾರಿ ಮಾಡಿ ಹ್ಯಾಂಗ ಮಲಗಬೇಕು? ಬೆನ್ನ ಮಾಡಿ ಮಲಗಿದೆ. ನಾಚಿಕಿ ಬರಲ್ಲೇನು?

ಫರಹತ: ಯಾ ಅಲ್ಲಾ! ನಿಮ್ಮ ನಾಚಿಕಿ ನನ್ನ ಮದ್ದೆಲ್ಲಾ ಬಲಗಾಲಿಗಿ ಕುಡಿಸ್ಯದ! ಹೊಳ್ರಿ, ಈ ಕಡಿ ಹೊಳ್ರಿ! ಸಿಸ್ಟರ, ಹಿಡೀರಿ!

ಇಬ್ಬರೂ ಸೇರಿ ಅವಳನ್ನು ಎಡಕ್ಕೆ ಹೊರಳಿಸಿದರು. ಮುರಿದ ಕಾಲು ಕೆಳಗೆ ಬಂದಾಗ ಸಖುಬಾಯಿ ಊರ ದೇವರನ್ನೆಲ್ಲ ಒಂದೊಂದಾಗಿ ಕರೆದಳು, ಅವರಾದ ಮೇಲೆ ಸತ್ತ ಗಂಡನನ್ನು, ಅವನಾದ ಮೇಲೆ ಆ ಟಗರನ್ನು. ಫರಹತ ಅವಳ ಕೈ ಹಿಡಿದುಕೊಂಡಳು. ಅಂಗೈಯ ಬಿಲ್ಲೆಗಳ ಮೇಲೆ ತನ್ನ ಬೆರಳೂ ಬಿದ್ದಿದೆ, ಡಬ್ಬಿ ಯಾರ ಬೆವರು ಎಣಿಸುತ್ತಿದೆಯೋ ಎಂದು ನೆನಪಾದರೂ ಕೈ ತೆಗೆಯಲಿಲ್ಲ.

ಸಖುಬಾಯಿ: ಇಷ್ಟ ಕೂಗಿದ್ದು ಹೊರಗ ಕೇಳಿತೇನ್ರಿ?

ಫರಹತ: ಕೇಳಿಲ್ಲ. ಕೂಗ್ರಿ.

ಸಖುಬಾಯಿ: ಕೂಗಿದ್ರ ಹಗರ ಆಗ್ತದ್ರಿ ಡಾಕ್ಟರಬಾಯಿ. ಇದು ನನಗ ಯಾರೂ ಹೇಳಿರಲಿಲ್ಲ ನೋಡ್ರಿ.

ಹಾಗೇ ಮೂರು ನಿಮಿಷ, ನಾಲ್ಕು ನಿಮಿಷ ಕಳೆದವು. ಫರಹತ ಮತ್ತೆ ಕಡ್ಡಿ ಹಿಡಿದಳು. ಮುಟ್ಟಿಸುತ್ತ ಹೋದ ಹಾಗೆ ಸಖುಬಾಯಿ ಲೆಕ್ಕ ಒಪ್ಪಿಸಿದಳು.

ಸಖುಬಾಯಿ: ಇಲ್ಲಿ ಇಂಗಳಿ ಹೋಗಿ ಕೆಂಜಗ ಆಯ್ತು... ಈಗ ಬರೀ ಇರಿವಿ... ಈಗ ಇರಿವಿ ಹರದಾಡಿದಂಗ, ಕಡೀಲತ್ತಿಲ್ಲ... ಮುಟ್ಟಸ್ರಲ್ಲ, ಯಾಕ ನಿಂತ್ರಿ?

ಫರಹತ: ಮುಟ್ಟಸೇ ಇದ್ದೀನಿ.

ಸಖುಬಾಯಿ: ಹಾಂಗಾರ ಇಲ್ರಿ. ಖರೇನೇ ಇಲ್ರಿ.

ಡಬ್ಬಿ ಒಂಬತ್ತು. ಫರಹತ ಭುಜಕ್ಕೂ ಒಮ್ಮೆ ಮುಟ್ಟಿಸಿದಳು.

ಸಖುಬಾಯಿ: ಏ! ಚುರುಕ್ ಅಂತದ, ಸುಮ್ನಿರ್ರಿ!

ಫರಹತಳಿಗೆ ಹದಿನಾಲ್ಕು ವರ್ಷದಲ್ಲಿ ಯಾವ ರೋಗಿಯ ಬೈಗುಳವೂ ಇಷ್ಟು ಹಿತವಾಗಿ ಕೇಳಿರಲಿಲ್ಲ. ಬಾಗಿಲ ಕಡೆ ತಿರುಗಿ ಕೂಗಿದಳು.

ಫರಹತ: ಬರ್ರಿ ಸರ್, ಈಗ ಹಚ್ರಿ ಕತ್ತಿ!

ರಶೀದ ಅಹ್ಮದ: ಪೇಶಂಟ ಏನಂತಾಳ?

ಸಖುಬಾಯಿ: ಜರಾ ಜ್ವಾಕಿಲೆ ಹಚ್ರಿ!

ಆಪರೇಷನ್ ಸರಾಗವಾಗಿ ಮುಗಿಯಿತು. ಪರದೆಯ ಆಚೆ ಮೂಳೆಗೆ ಉಕ್ಕಿನ ಪಟ್ಟಿ ಕೂರುತ್ತಿದ್ದರೆ, ಈಚೆ ಸಖುಬಾಯಿ ಕುರಿಯ ಗೊರಸು ಕೊಳೆತರೆ ಏನು ಹಚ್ಚಬೇಕೆಂದು ರಶೀದ ಅಹ್ಮದರಿಗೆ ಉಪದೇಶ ಮಾಡುತ್ತಿದ್ದಳು. ಒಂದೂವರೆ ಗಂಟೆಯ ಬಳಿಕ ಅವಳನ್ನು ಪಕ್ಕದ ಕೋಣೆಗೆ ತಂದು ಮಲಗಿಸಿದರು. ಹಾಕಿದ ಮದ್ದು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಬರೆದುಕೊಳ್ಳಬೇಕಾಗಿದ್ದರಿಂದ ಅಂಗೈಯ ಬಿಲ್ಲೆಗಳ ಸಮೇತ ಡಬ್ಬಿಯೂ ಜೊತೆಗೇ ಬಂತು, ಡಬ್ಬಿಯ ಹಿಂದೆ ಫರಹತ ಬಂದಳು, ಇಬ್ಬರ ಹಿಂದೆ ಸಂಜುಕುಮಾರ.

ಸಂಜುಕುಮಾರ: ಬೀಗತ್ಯಾರ, ಅಣ್ಣಗ ಫೋನ ಮಾಡಿ ಹೇಳೀನ್ರಿ. ನಿಮ್ಮ ಮನಸ್ಸ ಗೊತ್ತಾಗ್ಯದ, ಚಿಂತಿ ಬ್ಯಾಡ ಅಂದೀನಿ.

ಸಖುಬಾಯಿ: ನನ್ನ ಮನಸ್ಸ ನಿಮಗ ಗೊತ್ತಾಯ್ತು. ನಿಮ್ಮ ಹುಡುಗೀದು ಯಾರಿಗಿ ಗೊತ್ತದ?

ಸಂಜುಕುಮಾರ: ಆವತ್ತೇ ಹೂಂ ಅಂದಾಳಲ್ರಿ, ಎಲ್ಲಾರ ಮುಂದ.

ಸಖುಬಾಯಿ: ಎಲ್ಲಾರ ಮುಂದ ನಾನೂ ಇಲ್ಲ ಇಲ್ಲ ಅಂದೆ. ಫೋನ ಹಚ್ಚಿ ಕೊಡ್ರಿ ಆಕಿಗಿ.

ಸಂಜುಕುಮಾರ: ಈಗಾ? ಸಾಲ್ಯಾಗ ಇರ್ತಾಳ್ರಿ.

ಸಖುಬಾಯಿ: ಹಚ್ರಿ. ಹಚ್ಚಿ, ಹೊರಗ ಹೋಗ್ರಿ.

ಸಂಜುಕುಮಾರ: ಮುಂಜಾನಿಂದ ಎಲ್ಲಾರೂ ನನಗ ಹೊರಗೇ ಹಾಕ್ಲತ್ತೀರಿ!

ಫೋನನ್ನು ದಿಂಬಿನ ಮೇಲೆ, ಮಾತು ಜೋರಾಗಿ ಕೇಳುವಂತೆ ಇಟ್ಟು ಅವನು ಹೋದ. ಫರಹತಳೂ ಏಳಲು ಹೋದಳು. ಸಖುಬಾಯಿ ಕೂತಿರಿ ಎಂದು ಕೈಸನ್ನೆ ಮಾಡಿದಳು.

ಸಿದ್ದೇಶ್ವರಿ: ಹಾಂ ಕಾಕಾ, ಹೇಳು.

ಸಖುಬಾಯಿ: ಕಾಕಾ ಅಲ್ಲವ್ವ. ನಾ ಔರಾದ ಸಖುಬಾಯಿ.

ಅತ್ತಲಿಂದ ಬುತ್ತಿಯ ಮುಚ್ಚಳ ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳಿತು.

ಸಿದ್ದೇಶ್ವರಿ: ನ... ನಮಸ್ಕಾರ್ರಿ. ಕಾಲ ಹ್ಯಾಂಗ ಅದರಿ?

ಸಖುಬಾಯಿ: ಕಾಲ ಇದ್ದಲ್ಲೇ ಅದ. ಬಾಜೂಕ ಯಾರರೇ ಅದಾರೇನು?

ಸಿದ್ದೇಶ್ವರಿ: ಯಾರೂ ಇಲ್ರಿ. ಮಕ್ಕಳು ಊಟಕ್ಕ ಕುಂತಾರ.

ಸಖುಬಾಯಿ: ಹಾಂಗಾರ ಖರೇ ಹೇಳು. ಹಿರೇರು ಎದುರಿಗಿ ಕುಂತಾಗ ಬಾಯಿಲಿಂದ ಎಂತಾ ಮಾತ ಬರ್ತದ ಅಂತ ಇವತ್ತ ನನಗ ಗೊತ್ತಾಗ್ಯದ. ನಮ್ಮ ದತ್ತಾತ್ರಿ ನಿನಗ ಮನಸ್ಸಿಗಿ ಬಂದಾನೇನು? ಬಂದಿಲ್ಲಂದ್ರ ಇಲ್ಲ ಅನ್ನು. ನಿನ್ನ ಮ್ಯಾಲ ಮಾತ ಬರಲಾರದಂಗ ನಾ ಮುರೀತೇನಿ. ಕೆಟ್ಟಾಕಿ ನಾ ಆಗ್ತೇನಿ, ನನಗ ರೂಢಿ ಅದ.

ಫರಹತ ಡಬ್ಬಿಯತ್ತ ನೋಡಿದಳು. ಕಡ್ಡಿ ಮೇಜಿನ ಮೇಲಿತ್ತು, ಸಂಖ್ಯೆ ತಾನೇ ಏರುತ್ತಿತ್ತು. ಮೂವತ್ತು, ನಲವತ್ತೈದು, ಐವತ್ತು.

ಸಿದ್ದೇಶ್ವರಿ: ಬಂದಾರ್ರಿ.

ಇಪ್ಪತ್ತೆರಡಕ್ಕೆ ಇಳಿಯಿತು.

ಸಖುಬಾಯಿ: ಮತ್ತ ದನಿ ಯಾಕ ಇಷ್ಟ ಸಣ್ಣ ಮಾಡ್ತಿ?

ಸಿದ್ದೇಶ್ವರಿ: ಅವರದೇನಿಲ್ರಿ. ನಿಮ್ಮದೇ ಅಂಜಿಕಿ ಬರ್ತದ.

ಸಖುಬಾಯಿ: ನಂದು? ನಾ ಏನ ತಿಂತೇನೇನು?

ಸಿದ್ದೇಶ್ವರಿ: ಹಾಂಗಲ್ರಿ... ಒಂದ ಮಾತ ಕೇಳಲೇನ್ರಿ? ನಿಮ್ಮ ಮನ್ಯಾಗ... ಬ್ಯಾನಿ ಆದ್ರ ಅಳ್ಲಕ್ಕ ನಡೀತದೇನ್ರಿ?

ಡಬ್ಬಿ ಎಂಬತ್ತೆಂಟು. ಕೋಣೆಯಲ್ಲಿ ಯಾರೂ ಯಾರನ್ನೂ ಮುಟ್ಟಿರಲಿಲ್ಲ. ಫರಹತಳ ಕೈಯಲ್ಲಿ ಪೆನ್ನಿತ್ತು, ಅವಳು ಆ ಅಂಕಿಯನ್ನು ಬರೆದುಕೊಳ್ಳಲಿಲ್ಲ. ಮೇಜಿನ ಮೇಲೆ ಅಷ್ಟು ಹಟ ಹಿಡಿದ ಹೆಂಗಸಿನ ಮೇಲೆ ಅವಳಿಗೆ ಈಗ ನಿಜವಾಗಿ ಮರುಕವಾಯಿತು. ಸಖುಬಾಯಿ ಮಾಡು ನೋಡುತ್ತ ಮಲಗಿದ್ದಳು. ನಾಲ್ಕು ಹೆರಿಗೆಯಲ್ಲಿ ತೆರೆಯದ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು. ಆಮೇಲೆ ಉಸಿರು ತುಂಬಿಕೊಂಡು ಪೂರ್ತಿ ತೆರೆಯಿತು.

ಸಖುಬಾಯಿ: ಯವ್ವಾ! ಯವ್ವಾ ಸತ್ತೆನಲ್ಲೋ! ನನ್ನ ಕಾಲೋ! ಯಾರರೇ ಬರ್ರೋ! ಯವ್ವಾ ಯವ್ವಾ ಯವ್ವೋ!

ಸಿದ್ದೇಶ್ವರಿ: ಅತ್ತೀ! ಅತ್ತೀ, ಏನಾಯ್ತ್ರೀ?

ಸಖುಬಾಯಿ: ಕೇಳಿಸ್ತೇನವ್ವ? ನಮ್ಮ ಮನ್ಯಾಗ ಹಿಂಗ ಅಳ್ತಾರ. ನಿನಗ ಇದಕ್ಕಿಂತಾ ಜೋರಲೆ ಬರ್ತಿದ್ರ ಹೇಳು, ನಾ ಕಲ್ತಕೋತೇನಿ.

ಅತ್ತಲಿಂದ ಬಂದದ್ದು ನಗುವೋ ಅಳುವೋ ಫೋನಿನಲ್ಲಿ ಗುರುತು ಹತ್ತಲಿಲ್ಲ. ಅಷ್ಟರಲ್ಲಿ ಸಂಜುಕುಮಾರ ಬಾಗಿಲು ಬಡಿದುಕೊಂಡು ಒಳಗೆ ಓಡಿಬಂದ. ಹತ್ತು ಮಂದಿಯ ಎದುರು ಆ ಮಾತು ಆಡಿದ್ದ ಬೀಗತಿ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದ್ದನ್ನು ಅವನ ಕಿವಿ ಇನ್ನೂ ನಂಬಿರಲಿಲ್ಲ.

ಸಂಜುಕುಮಾರ: ಮೇಡಂ, ಬೀಗತ್ಯಾರು ಕೂಗಿದ್ರೇನ್ರಿ? ಖರೇನೇ ಬ್ಯಾನಿ ಆಗ್ಯದೇನ್ರಿ? ಡಬ್ಬಿ ಎಷ್ಟ ಅಂತದ?

ಫರಹತ ಕಡ್ಡಿಯನ್ನು ಎಡಗಾಲಿಗೆ ಮುಟ್ಟಿಸಿ ನೋಡಿದಳು. ಕಾಲು ಇನ್ನೂ ಗಾಢ ನಿದ್ದೆಯಲ್ಲಿತ್ತು, ಅದರ ಒಡತಿಯ ಮನಸ್ಸೂ ತಣ್ಣಗಾಗಿತ್ತು. ಡಬ್ಬಿ ಹನ್ನೊಂದು ತೋರಿಸುತ್ತಿತ್ತು. ಸಖುಬಾಯಿ ಇನ್ನೂ ತೆರೆದೇ ಇದ್ದ ಫೋನಿನ ಕಡೆ ಕಣ್ಣು ಹಾಯಿಸಿ ಫರಹತಳ ಮುಖ ನೋಡಿದಳು. ಫರಹತ ಡಬ್ಬಿಯ ಮೇಲೆ ಅಂಗೈ ಇಟ್ಟು ಅಂಕಿಯನ್ನು ಮುಚ್ಚಿದಳು.

ಫರಹತ: ತೊಂಬತ್ತು.

ಸಂಜುಕುಮಾರ: ತೊಂಬತ್ತ! ನಿಲ್ರಿ, ಬರಕೋತೇನಿ.

ಫರಹತ: ಬರಕೋಬ್ಯಾಡ್ರಿ.